ಶರದೃತುವಿನ ರಾತ್ರಿಯೂಟ: ಬದುವಿನ ಸೊಪ್ಪು, ಅಟ್ಟದ ಕುಂಬಳ

ಮಳೆಗಾಲ ಹಿಂದೆ ಸರಿದು ಚಳಿ ಇನ್ನೂ ಕಾಲೂರದ ಎರಡು ತಿಂಗಳ ಅವಧಿಯೇ ಶರದೃತು. ಆಶ್ವಯುಜ ಮತ್ತು ಕಾರ್ತಿಕ ಮಾಸಗಳ ಈ ಕಾಲದಲ್ಲಿ ನವರಾತ್ರಿಯ ನೈವೇದ್ಯ, ದೀಪಾವಳಿಯ ಹೋಳಿಗೆ, ಕಜ್ಜಾಯಗಳ ಕುರಿತು ಬರುವ ಬರಹಗಳಿಗೆ ಕೊರತೆಯಿಲ್ಲ. ಆದರೆ ಹಬ್ಬಗಳ ನಡುವಿನ ಸಾಮಾನ್ಯ ದಿನಗಳಲ್ಲಿ ಮನೆಮಂದಿ ರಾತ್ರಿ ಏನನ್ನು ಉಣ್ಣುತ್ತಾರೆ, ಅದರಲ್ಲಿ ಋತುವಿನ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ವರ್ಷವಿಡೀ ಟೊಮೆಟೊ, ಎಲೆಕೋಸು, ಕ್ಯಾರೆಟ್‌ ದೊರೆಯುವ ನಗರದ ಮಾರುಕಟ್ಟೆಯಲ್ಲಿ ಋತು ಎಂಬುದು ಪಂಚಾಂಗದ ಪುಟಕ್ಕೆ ಸೀಮಿತವಾಗಿದೆ.

ಋತುವಿಗೂ ಅಡುಗೆಗೂ ಇರುವ ನಂಟು ಇಂದಿಗೂ ಸ್ಪಷ್ಟವಾಗಿ ಕಾಣುವುದು ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ. ಆಶ್ವಯುಜ ಮಾಸದ ಹುಣ್ಣಿಮೆಯಂದು, ಅಂದರೆ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಹಾಗೂ ಉತ್ತರ ಕನ್ನಡದ ಸಿದ್ದಾಪುರ ಸೀಮೆಗಳಲ್ಲಿ ಇದನ್ನು ಆಚರಿಸಲಾಗುತ್ತದೆ. ಆ ಹೊತ್ತಿಗೆ ಗದ್ದೆಯ ಭತ್ತ ಹೊಡೆಗಟ್ಟಿರುತ್ತದೆ. ಭೂಮಿಯನ್ನು ಗರ್ಭಿಣಿಯೆಂದು ಭಾವಿಸಿ ಅವಳಿಗೆ ಬಯಕೆಯೂಟ ಬಡಿಸುವುದೇ ಆಚರಣೆಯ ತಿರುಳು. ದೀವರ ಸಮುದಾಯದ ಮಹಿಳೆಯರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಹಿಂದಿನ ರಾತ್ರಿಯಿಡೀ ಒಲೆ ಆರುವುದಿಲ್ಲ. ಕಡುಬು, ಬುತ್ತಿ, ಹಾಗಲಕಾಯಿ, ಹೀರೇಕಾಯಿ, ಅಮಟೆಕಾಯಿಗಳ ಜೊತೆಗೆ ಸಿಕ್ಕಷ್ಟು ಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಹಚ್ಚಂಬಲಿ ಸಿದ್ಧವಾಗುತ್ತದೆ. ನಸುಕಿನಲ್ಲಿ ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ ಹಚ್ಚಂಬಲಿಯನ್ನು ಬೀರುತ್ತಾರೆ. ಮಣ್ಣಿಗೆ ಒಂದು ಪಾಲು, ಕಾಗೆಗೆ ಒಂದು ಪಾಲು, ಇಲಿಗೂ ಒಂದು ಪಾಲು. ಬಳಿಕ ಮನೆಯವರೆಲ್ಲ ಗದ್ದೆಯಲ್ಲೇ ಕುಳಿತು ಉಣ್ಣುತ್ತಾರೆ. ಬೆಳೆ ತಿನ್ನುವ ಇಲಿಗೂ ಎಡೆಯಿಡುವ ಈ ಉದಾರತೆ ಕೃಷಿ ಪಠ್ಯಪುಸ್ತಕಗಳಲ್ಲಿ ದೊರೆಯುವುದು ಕಷ್ಟ!

ಇದೇ ಹುಣ್ಣಿಮೆ ಉತ್ತರ ಕರ್ನಾಟಕದಲ್ಲಿ ಶೀಗಿ ಹುಣ್ಣಿಮೆ. ಅಲ್ಲಿ ರೊಟ್ಟಿ, ಪಲ್ಲೆ, ಕಡಬುಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ.

ಕಳೆಯೇ ಆಹಾರ

ಹಚ್ಚಂಬಲಿಗೆ ಇಷ್ಟು ಬಗೆಯ ಸೊಪ್ಪು ಈ ಕಾಲದಲ್ಲೇ ಏಕೆ ದೊರೆಯುತ್ತದೆ ಎಂಬುದಕ್ಕೆ ಕಾರಣ ಸರಳ. ಜೂನ್‌ನಿಂದ ಸುರಿದ ಮಳೆಯಲ್ಲಿ ಬದು, ಬೇಲಿ, ಸಾಲುಗಳ ನಡುವೆ ತಾವಾಗಿಯೇ ಹುಟ್ಟಿದ ಗಿಡಗಳು ಸೆಪ್ಟೆಂಬರ್ ವೇಳೆಗೆ ಹುಲುಸಾಗಿರುತ್ತವೆ. ಹಳೆ ಮೈಸೂರು ಹಾಗೂ ಕೋಲಾರದ ಕಡೆ ಇವುಗಳ ಮಿಶ್ರಣಕ್ಕೆ ಬೆರಕೆ ಸೊಪ್ಪು ಎಂದೇ ಹೆಸರು. ಅಣ್ಣೆ, ಗಣಿಕೆ, ಹೊನಗೊನೆ, ಕನ್ನೆ, ಗೋಣಿ ಸೊಪ್ಪುಗಳು ಇದರಲ್ಲಿ ಸೇರುತ್ತವೆ. ಇವನ್ನು ಯಾರೂ ಬಿತ್ತುವುದಿಲ್ಲ. ಬೆಳೆಯ ದೃಷ್ಟಿಯಿಂದ ಇವು ಕಳೆ, ಅಡುಗೆಮನೆಯ ದೃಷ್ಟಿಯಿಂದ ಅಂದಿನ ಸಾರು. ಕಳೆ ಕೀಳಲು ಹೋದ ಮಹಿಳೆಯರು ಸಂಜೆ ಮಡಿಲಲ್ಲಿ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದರು. ಹೊಲದ ಕೆಲಸವೂ ರಾತ್ರಿಯ ಅಡುಗೆಯ ಸಿದ್ಧತೆಯೂ ಒಂದೇ ಬಾರಿಗೆ ಮುಗಿಯುತ್ತಿತ್ತು.

ಕೂಲಿಯಾಳುಗಳ ಕೊರತೆಯಿಂದ ಕಳೆನಾಶಕದ ಸಿಂಪಡಣೆ ಹೆಚ್ಚಿದಂತೆ ಈ ಏರ್ಪಾಡು ಸಡಿಲಗೊಂಡಿದೆ. ಸಿಂಪಡಿಸಿದ ಹೊಲದಲ್ಲಿ ಸೊಪ್ಪು ಉಳಿಯುವುದಿಲ್ಲ, ಉಳಿದರೂ ತಿನ್ನಲು ಯೋಗ್ಯವಲ್ಲ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಗುರುತಿಸುವ ವಿದ್ಯೆಯದು. ಯಾವ ಗಿಡ ತಿನ್ನಲು ಬರುತ್ತದೆ, ಯಾವುದರ ಕುಡಿಯನ್ನು ಮಾತ್ರ ಚಿವುಟಬೇಕು, ಯಾವುದಕ್ಕೆ ಹುಳಿ ಬೆರೆಸದಿದ್ದರೆ ಗಂಟಲು ಕೆರೆಯುತ್ತದೆ ಎಂಬ ತಿಳಿವಳಿಕೆ ಕೈಯಿಂದ ಕೈಗೆ ದಾಟಿದ್ದೇ ಹೊರತು ಬರಹಕ್ಕಿಳಿದದ್ದು ಅಲ್ಪ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವ ರೂಢಿ ಬಂದದ್ದು ಆ ತುರಿಕೆಯ ಅನುಭವದಿಂದಲೇ. ಗಣಿಕೆಯ ಎಳೆಯ ಕುಡಿ ಬೇಯಿಸಿ ತಿನ್ನಲು ಒಳ್ಳೆಯದು, ಅದರ ಹಸಿರು ಕಾಯಿ ಸಲ್ಲದು. ಆದ್ದರಿಂದ ನಗರವಾಸಿಗಳು ಖಾಲಿ ನಿವೇಶನದಲ್ಲಿಯೋ ಚರಂಡಿಯ ಬದಿಯಲ್ಲಿಯೋ ಕಂಡ ಹಸಿರನ್ನು ಕಿತ್ತು ತರುವ ಸಾಹಸಕ್ಕೆ ಕೈಹಾಕದೆ, ಸಂತೆಗೆ ಸೊಪ್ಪು ತರುವ ಹಿರಿಯ ಮಹಿಳೆಯರನ್ನು ಕೇಳಿ ಕೊಳ್ಳುವುದು ಉತ್ತಮ.

ಬೆರಕೆ ಸೊಪ್ಪಿನ ಮಸ್ಸೊಪ್ಪು ತಯಾರಿಸುವ ವಿಧಾನ ಕಠಿಣವೇನಲ್ಲ. ನಾಲ್ವರಿಗೆ ಒಂದು ಬಟ್ಟಲು ತೊಗರಿಬೇಳೆಯನ್ನು ಅರೆಬೇಯಿಸಿ, ನಾಲ್ಕೈದು ಹಿಡಿ ಹೆಚ್ಚಿದ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ ಸೇರಿಸಬೇಕು. ಬೆಂದ ಮೇಲೆ ಕಟ್ಟನ್ನು ಬಸಿದಿಟ್ಟುಕೊಂಡು, ಉಳಿದದ್ದನ್ನು ಕಡೆಗೋಲಿನಿಂದ ಮಸೆಯಬೇಕು. ಮಿಕ್ಸಿಗೆ ಹಾಕಿದರೆ ನಾರಿನ ಗುಣ ಕೆಟ್ಟು ಅಂಟಂಟಾಗುತ್ತದೆ. ಬಸಿದ ಕಟ್ಟು, ಹುಣಸೆರಸ, ಉಪ್ಪು ಬೆರೆಸಿ ಒಂದು ಕುದಿ ಬಂದ ಬಳಿಕ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಮುದ್ದೆಗೂ ಅನ್ನಕ್ಕೂ ಒದಗುತ್ತದೆ. ಹೀರೇಕಾಯಿ ತಂದ ದಿನ ಅದರ ಸಿಪ್ಪೆಯನ್ನು ಎಸೆಯದೆ ಹುರಿದು ಚಟ್ನಿ ಅರೆದರೆ ಮತ್ತೊಂದು ವ್ಯಂಜನ ಖರ್ಚಿಲ್ಲದೆ ದಕ್ಕುತ್ತದೆ.

ಗ್ರಂಥಗಳು ಹೇಳುವುದು

ಆಯುರ್ವೇದವು ಶರದೃತುವನ್ನು ಪಿತ್ತ ಕೆರಳುವ ಕಾಲವೆಂದು ಪರಿಗಣಿಸುತ್ತದೆ. ಮಳೆಯ ತಂಪಿಗೆ ಒಗ್ಗಿದ ಶರೀರದ ಮೇಲೆ ಒಮ್ಮೆಲೇ ಬಿಸಿಲು ಬಿದ್ದಾಗ ವರ್ಷಋತುವಿನಲ್ಲಿ ಸಂಚಯವಾದ ಪಿತ್ತ ಪ್ರಕೋಪಗೊಳ್ಳುತ್ತದೆ ಎಂಬುದು ಚರಕಸಂಹಿತೆಯ ವಿವರಣೆ. ಸಿಹಿ, ಕಹಿ ರಸಗಳ ಲಘುವಾದ ಆಹಾರವನ್ನು ಅದು ವಿಧಿಸುತ್ತದೆ. ಮೊಸರು, ಹಗಲುನಿದ್ದೆಗಳನ್ನು ನಿಷೇಧಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಈ ಋತುವಿಗೆ ಅಕ್ಕಿ, ಹೆಸರು, ನೆಲ್ಲಿ, ಪಡವಲಗಳನ್ನು ಹೆಸರಿಸುತ್ತದೆ. ಈ ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಗದಗ, ಧಾರವಾಡ, ಕಲಬುರಗಿಗಳ ಮುಂಗಾರು ಹೆಸರು ಈ ಋತುವಿನ ಹೊಸ್ತಿಲಲ್ಲೇ ಮಾರುಕಟ್ಟೆಗೆ ಬರುತ್ತದೆ. ಕಾರ್ತಿಕದ ತುಳಸಿ ಪೂಜೆಗೆ ಕಾಯಿ ಸಹಿತ ನೆಲ್ಲಿಯ ಕೊಂಬೆ ಸಿಗುತ್ತದೆ. ಶಾಸ್ತ್ರ ಹೇಳಿದ್ದು ಮತ್ತು ಹೊಲ ಕೊಟ್ಟದ್ದು ಹೊಂದಿಕೆಯಾಗಿರುವುದು ಗಮನಾರ್ಹ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ ಆದರೆ, ಸೊಪ್ಪೂ ಸೇರಿದಂತೆ ತರಕಾರಿ 400 ಗ್ರಾಂ. ಅನ್ನದ ಗುಡ್ಡೆಯ ಅಂಚಿಗೆ ಒಂದು ಚಮಚ ಪಲ್ಯ ಹಾಕಿಕೊಳ್ಳುವ ನಮ್ಮ ರೂಢಿಗೆ ಇದು ತಲೆಕೆಳಗಾದ ಲೆಕ್ಕವೇ ಸರಿ. ಊಟದ ಹೊತ್ತೂ ಮುಖ್ಯ. ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ ಬೆಳಗಿಗಿಂತ ರಾತ್ರಿ ಕುಂದುತ್ತದೆ. ಕಚೇರಿ, ಸಂಚಾರ ದಟ್ಟಣೆಗಳನ್ನು ದಾಟಿ ಹತ್ತು ಗಂಟೆಗೆ ತಟ್ಟೆಯ ಮುಂದೆ ಕೂರುವ ಮಹಾನಗರದ ಮನೆಗಳಿಗೆ, ಮಸ್ಸೊಪ್ಪಿನಂಥ ಹಗುರ ಅಡುಗೆ ಈ ಕಾರಣಕ್ಕೂ ಹೊಂದುತ್ತದೆ.

ಒಂದು ಮನೆಗೆ ಮುಗಿಯದ ಕಾಯಿ

ಈ ಋತುವಿನ ಮತ್ತೊಂದು ಕೊಡುಗೆ ಸಿಹಿಗುಂಬಳ. ಮಳೆಯಲ್ಲಿ ಹಬ್ಬಿದ ಬಳ್ಳಿಯ ಕಾಯಿ ಬಲಿತ ಮೇಲೆ ತೊಟ್ಟು ಸಹಿತ ಕೊಯ್ದು ಅಟ್ಟದಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡದು. ಆದರೆ ಒಮ್ಮೆ ಹೋಳಾಯಿತೆಂದರೆ ಬೇಗ ಹಳಸುತ್ತದೆ. ಐದಾರು ಕಿಲೋ ತೂಗುವ ಕಾಯಿ ಒಂದೇ ಮನೆಗೆ ಮುಗಿಯುವ ಮಾತಲ್ಲ. ಹೀಗಾಗಿ ಕುಂಬಳ ಒಡೆದ ದಿನ ನೆರೆಯ ಮನೆಗಳಿಗೆ ಹೋಳು ಹೋಗುವುದು, ಇಲ್ಲವೇ ರಾತ್ರಿಯೂಟದ ಹೊತ್ತಿಗೆ ಪಲ್ಯವೋ ಸಾಸಿವೆಯೋ ಬಟ್ಟಲಲ್ಲಿ ಹೋಗುವುದು ವಾಡಿಕೆಯಾಗಿತ್ತು. ಹೋದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ನಿಯಮ ಬೇರೆ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು.

ಹಂಚಿಕೆಗೆ ಎಲ್ಲೆಗಳೂ ಇದ್ದವು ಎಂಬುದನ್ನು ಮರೆಯಲಾಗದು. ಬಡ ವಿದ್ಯಾರ್ಥಿ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದ ವಾರಾನ್ನದ ಪದ್ಧತಿ ಅನೇಕರಿಗೆ ವಿದ್ಯೆ ಕೊಟ್ಟಿತಾದರೂ ಅದು ಬಹುಪಾಲು ಜಾತಿಯ ಗೆರೆಯೊಳಗೇ ನಡೆಯಿತು. ಬಟ್ಟಲು ದಾಟದ ಗೋಡೆಗಳು ಪ್ರತಿ ಊರಿನಲ್ಲೂ ಇದ್ದವು. ಅಪಾರ್ಟ್‌ಮೆಂಟ್‌ಗಳಲ್ಲಿ ಬೇರೆ ಬೇರೆ ಸೀಮೆ, ಸಮುದಾಯಗಳ ಮನೆಗಳು ಎದುರುಬದುರಾಗಿವೆ. ಮಕ್ಕಳು ದೂರದೇಶದಲ್ಲಿದ್ದು ಇಬ್ಬರೇ ಉಳಿದ ವೃದ್ಧರು, ಒಂಟಿಯಾಗಿರುವ ಉದ್ಯೋಗಿಗಳು ಅಲ್ಲಿದ್ದಾರೆ. ಒಬ್ಬರಿಗಾಗಿ ಸೊಪ್ಪು ಸೋಸಿ, ತೊಳೆದು, ಬೇಯಿಸುವ ಬೇಸರಕ್ಕೆ ಅನೇಕರು ರಾತ್ರಿ ಬ್ರೆಡ್‌ ತಿಂದು ಮಲಗುತ್ತಾರೆ. ಅಂಥವರಿಗೆ ಪಕ್ಕದ ಮನೆಯ ಒಂದು ಬಟ್ಟಲು ಮಸ್ಸೊಪ್ಪು ಬರಿಯ ಉಪಚಾರವಲ್ಲ, ಅಂದಿನ ಊಟವೇ ಹೌದು.

ತರಕಾರಿ ಅಂಗಡಿಯಲ್ಲಿ ಈಗ ಕುಂಬಳವನ್ನು ಕಾಲು ಕಿಲೋ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಅನುಕೂಲವೇನೋ ನಿಜ, ಜೊತೆಗೆ ಹಂಚುವ ಅಗತ್ಯವೂ ತಪ್ಪಿತು. ಇಡೀ ಕಾಯಿ ಕೊಳ್ಳುವವರು ತೊಟ್ಟು ಒಣಗಿ ಗಟ್ಟಿಯಾಗಿರುವ, ಉಗುರು ನಾಟದ ಸಿಪ್ಪೆಯ ಕಾಯಿಯನ್ನು ಆರಿಸಬೇಕು. ಹೋಳುಗಳನ್ನು ಬೇಯಿಸಿ ಬೆಲ್ಲ, ಉಪ್ಪು ಹಾಕಿ, ತೆಂಗಿನತುರಿಯೊಂದಿಗೆ ಸಾಸಿವೆ, ಒಣಮೆಣಸಿನಕಾಯಿ ಅರೆದು ಬೆರೆಸಿದರೆ ಸಾಸಿವೆ ಸಿದ್ಧ. ಕುಂಬಳದ ಹಳದಿ ಬಣ್ಣದಲ್ಲಿರುವ ಬೀಟಾ ಕ್ಯಾರೊಟೀನ್ ಮೈಗೆ ಹತ್ತಲು ಜಿಡ್ಡು ಬೇಕಾದ್ದರಿಂದ ತೆಂಗಿನತುರಿಯಲ್ಲಿ ಜಿಪುಣತನ ಸಲ್ಲದು. ತಿರುಳಿನಿಂದ ಬೇರ್ಪಡಿಸಿದ ಬೀಜವನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಿದರೆ ಮಕ್ಕಳು ಹುರಿದು ತಿನ್ನಬಹುದು. ನಾಲ್ಕು ಬೀಜ ತೆಗೆದಿಟ್ಟರೆ ಮುಂದಿನ ಜೂನ್‌ಗೆ ತಾರಸಿಯ ಚೀಲದಲ್ಲೊಂದು ಬಳ್ಳಿ.