ವಿಶ್ವವಿದ್ಯಾಲಯ ಕಾಯಿದೆಯ ತಿದ್ದುಪಡಿ: ಕೊಡಗಿನ ವರ್ತಕರು ಗಮನಿಸಬೇಕಾದ ಅಂಶಗಳು

ವಿಶ್ವವಿದ್ಯಾಲಯಗಳ ಆಡಳಿತಕ್ಕೆ ಸಂಬಂಧಿಸಿದ ಕಾನೂನು ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ವಿಷಯವಲ್ಲ. ಸರಕು ಮತ್ತು ಸೇವಾ ತೆರಿಗೆ, ಕಾಫಿ ಮತ್ತು ಕರಿಮೆಣಸಿನ ಧಾರಣೆ, ಬ್ಯಾಂಕ್ ಸಾಲದ ಬಡ್ಡಿ ಇವೇ ನಮ್ಮ ಸದಸ್ಯರ ದೈನಂದಿನ ಚಿಂತೆಗಳು. ಆದರೆ ನಮ್ಮ ಅಂಗಡಿಯ ಲೆಕ್ಕ ಬರೆಯುವವರು, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕಚೇರಿ ನೋಡಿಕೊಳ್ಳುವವರು, ಹೋಂಸ್ಟೇ ಮತ್ತು ಹೊಟೇಲುಗಳ ವ್ಯವಸ್ಥಾಪಕರು ಬಹುಮಟ್ಟಿಗೆ ಇದೇ ಜಿಲ್ಲೆಯ ಪದವಿ ಕಾಲೇಜುಗಳಿಂದ ಬಂದವರು. ಆ ಕಾಲೇಜುಗಳ ಪರೀಕ್ಷೆ, ಪದವಿ ಮತ್ತು ಶುಲ್ಕಗಳನ್ನು ನಿರ್ಧರಿಸುವ ಸಂಸ್ಥೆ ವಿಶ್ವವಿದ್ಯಾಲಯ. ಆದ್ದರಿಂದ ಅದರ ಆಡಳಿತ ಯಾರ ಕೈಯಲ್ಲಿದೆ, ಅದರ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆ ನಮಗೆ ದೂರದ್ದಲ್ಲ.

2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿಯು, ಇತ್ತೀಚಿನ ವರ್ಷಗಳಲ್ಲಿ ಆರಂಭವಾದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಕಷ್ಟಸಾಧ್ಯವೆಂಬ ಅಭಿಪ್ರಾಯಕ್ಕೆ ಬಂದಿತು. ಆ ಪಟ್ಟಿಯಲ್ಲಿ ಕೊಡಗು ವಿಶ್ವವಿದ್ಯಾಲಯದ ಹೆಸರೂ ಇತ್ತು. ಜಿಲ್ಲೆಯಲ್ಲಿ ಇದಕ್ಕೆ ವಿರೋಧವೂ ವ್ಯಕ್ತವಾಯಿತು. ಈ ಚರ್ಚೆಯಲ್ಲಿ ಅಭಿಮಾನದ ಮಾತುಗಳು ಬಹಳ ಕೇಳಿಬಂದವು. ಆಸ್ತಿ, ಹೊಣೆ ಮತ್ತು ಬಾಕಿಯ ಮಾತು ಕಡಿಮೆ. ಈ ಲೇಖನದ ಉದ್ದೇಶ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು.

ಕಾನೂನಿನ ಚೌಕಟ್ಟು

ಮೈಸೂರು ವಿಶ್ವವಿದ್ಯಾಲಯವು 1916ರಲ್ಲಿ ತನ್ನದೇ ಆದ ಪ್ರತ್ಯೇಕ ಕಾಯಿದೆಯ ಮೂಲಕ ಸ್ಥಾಪನೆಯಾಯಿತು. ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಸಾಮಾನ್ಯ ಕಾನೂನು ಎಂಬ ಪದ್ಧತಿ 1976ರ ಕಾಯಿದೆಯಿಂದ ನೆಲೆಗೊಂಡಿತು. ಅದರ ಸ್ಥಾನದಲ್ಲಿ ಬಂದದ್ದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆ, 2000. ಹಳೆಯ ಕಾಯಿದೆಯಲ್ಲಿದ್ದ ವಿಶಾಲ ಪ್ರಾತಿನಿಧ್ಯದ ಸೆನೆಟ್ ಹೊಸ ಕಾಯಿದೆಯಲ್ಲಿ ಉಳಿಯಲಿಲ್ಲ. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಮತ್ತು ಹಣಕಾಸು ಸಮಿತಿ ಪ್ರಮುಖ ಪ್ರಾಧಿಕಾರಗಳಾದವು.

ಈ ಕಾಯಿದೆಯ ಮೇರೆಗೆ ರಾಜ್ಯಪಾಲರು ಕುಲಾಧಿಪತಿಗಳು. ಉನ್ನತ ಶಿಕ್ಷಣ ಸಚಿವರು ಸಮ ಕುಲಾಧಿಪತಿಗಳು. ಕುಲಪತಿಯ ಆಯ್ಕೆಗೆ ಶೋಧನಾ ಸಮಿತಿ ರಚನೆಯಾಗಿ, ಅದು ನೀಡುವ ಹೆಸರುಗಳಲ್ಲಿ ಒಬ್ಬರನ್ನು ಕುಲಾಧಿಪತಿಗಳು ರಾಜ್ಯ ಸರಕಾರದ ಸಹಮತಿಯೊಂದಿಗೆ ನೇಮಿಸುತ್ತಾರೆ. ಕುಲಪತಿಯ ಅವಧಿ ನಾಲ್ಕು ವರ್ಷ. ಸಿಂಡಿಕೇಟಿನಲ್ಲಿ ಪದನಿಮಿತ್ತ ಸದಸ್ಯರು ಮತ್ತು ಶಿಕ್ಷಣ ವಲಯದವರ ಜೊತೆಗೆ ಸರಕಾರ ಮತ್ತು ಕುಲಾಧಿಪತಿಗಳು ನಾಮನಿರ್ದೇಶನ ಮಾಡಿದ ಸದಸ್ಯರಿರುತ್ತಾರೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಸಿಂಡಿಕೇಟ್ ಎಂಬುದು ನಿರ್ದೇಶಕ ಮಂಡಳಿ, ಕುಲಪತಿ ವ್ಯವಸ್ಥಾಪಕ ನಿರ್ದೇಶಕ. ಆದರೆ ಇಲ್ಲಿ ಷೇರು ಬಂಡವಾಳವಿಲ್ಲ. ಸರಕಾರದ ಅನುದಾನ ಮತ್ತು ವಿದ್ಯಾರ್ಥಿಗಳ ಶುಲ್ಕವೇ ಆದಾಯದ ಮುಖ್ಯ ಮೂಲಗಳು.

ಕಾಯಿದೆಯ 3ನೆಯ ಪ್ರಕರಣ ನಮಗೆ ಅತ್ಯಂತ ಮುಖ್ಯವಾದುದು. ಯಾವ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಎಲ್ಲಿ, ಅದರ ವ್ಯಾಪ್ತಿಗೆ ಯಾವ ಜಿಲ್ಲೆಗಳು ಸೇರಿವೆ ಎಂಬುದು ಅಲ್ಲಿ ನಮೂದಾಗಿರುತ್ತದೆ. ಒಂದು ಜಿಲ್ಲೆ ಈ ಸಾಲಿನಿಂದ ಆ ಸಾಲಿಗೆ ಹೋಯಿತೆಂದರೆ ಆ ಜಿಲ್ಲೆಯ ಕಾಲೇಜುಗಳೆಲ್ಲ ಬೇರೊಂದು ವಿಶ್ವವಿದ್ಯಾಲಯದ ಅಧೀನಕ್ಕೆ ಹೋದವೆಂದೇ ಅರ್ಥ. ಈ ಬದಲಾವಣೆ ಆಗಬೇಕಾದದ್ದು ಶಾಸನದಿಂದ. ಉಪಸಮಿತಿಯ ಶಿಫಾರಸಿನಿಂದಾಗಲಿ, ಇಲಾಖೆಯ ಸುತ್ತೋಲೆಯಿಂದಾಗಲಿ ಕಾಯಿದೆಯಲ್ಲಿ ಹೆಸರಿರುವ ವಿಶ್ವವಿದ್ಯಾಲಯ ಇಲ್ಲದಂತಾಗುವುದಿಲ್ಲ. ವಿಧೇಯಕವು ಎರಡೂ ಸದನಗಳಲ್ಲಿ ಅಂಗೀಕಾರವಾಗಿ ಅಂಕಿತ ಪಡೆದ ನಂತರವಷ್ಟೇ ಅದು ಜಾರಿಗೆ ಬರುತ್ತದೆ. ಅಂದರೆ ನಮ್ಮ ಅಹವಾಲನ್ನು ಹೇಳಿಕೊಳ್ಳಲು ಅವಕಾಶವಿರುವುದು ವಿಧೇಯಕ ಸಿದ್ಧವಾಗುವ ಹಂತದಲ್ಲಿ.

ಕೊಡಗಿನ ಅನುಭವ

ಆಡಳಿತದ ಗಡಿಗಳು ಬದಲಾಗುವುದು ಕೊಡಗಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯ ಫಲವಾಗಿ ಕೊಡಗು ಪ್ರತ್ಯೇಕ ರಾಜ್ಯವಾಗಿ ಉಳಿಯದೆ ಮೈಸೂರು ರಾಜ್ಯದ ಜಿಲ್ಲೆಯಾಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ವೃತ್ತಿ ಶಿಕ್ಷಣದ ವಿಷಯ ಬೇರೆ: ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ, ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಸೇರಿವೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮೊದಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದು, ಶಿವಮೊಗ್ಗದಲ್ಲಿ 2012ರಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂದಿತು. ಹೀಗಾಗಿ ಈಗಿನ ಪ್ರಶ್ನೆ ಕಲೆ, ವಿಜ್ಞಾನ ಮತ್ತು ವಾಣಿಜ್ಯ ಪದವಿಗಳಿಗೆ ಸಂಬಂಧಿಸಿದ್ದು. ವರ್ತಕರಾದ ನಮಗೆ ಹೆಚ್ಚು ಬೇಕಾದ ಬಿ.ಕಾಂ. ಮತ್ತು ಬಿ.ಬಿ.ಎ. ಪದವೀಧರರು ಬರುವುದು ಇಲ್ಲಿಂದಲೇ.

2022-23ರ ರಾಜ್ಯ ಮುಂಗಡಪತ್ರದಲ್ಲಿ ಚಾಮರಾಜನಗರ, ಬೀದರ್, ಹಾವೇರಿ, ಹಾಸನ, ಕೊಡಗು, ಕೊಪ್ಪಳ ಮತ್ತು ಬಾಗಲಕೋಟೆಗಳಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಪ್ರಕಟಿಸಲಾಯಿತು. ಅದೇ ವರ್ಷ 2000ದ ಕಾಯಿದೆಗೆ ತಿದ್ದುಪಡಿಯಾಯಿತು. 2023ರ ಮಾರ್ಚ್‌ನಲ್ಲಿ ಕೊಡಗು ವಿಶ್ವವಿದ್ಯಾಲಯ ಉದ್ಘಾಟನೆಗೊಂಡು, ಕುಶಾಲನಗರ ತಾಲ್ಲೂಕಿನ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಜ್ಞಾನ ಕಾವೇರಿ ಸ್ನಾತಕೋತ್ತರ ಕೇಂದ್ರವಿದ್ದ ಆವರಣವೇ ಅದರ ನೆಲೆಯಾಯಿತು.

ಇದರ ಪ್ರಯೋಜನ ಸ್ಪಷ್ಟವಾಗಿಯೇ ಇದೆ. ಅಂಕಪಟ್ಟಿಯ ತಿದ್ದುಪಡಿಗೋ, ಮರುಮೌಲ್ಯಮಾಪನದ ವಿಚಾರಣೆಗೋ ಕಾಲೇಜಿನ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಸಂಪಾಜೆ ಘಾಟಿಯನ್ನಿಳಿದು ಸುಮಾರು 140 ಕಿ.ಮೀ. ದೂರದ ಕೊಣಾಜೆಗೆ ಹೋಗಬೇಕಾಗಿದ್ದ ಸ್ಥಿತಿ ತಪ್ಪಿತು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಆ ರಸ್ತೆ ಬಂದ್ ಆಗಿ, ಮಡಿಕೇರಿಯಿಂದ ಕರಾವಳಿಯ ಸಂಪರ್ಕ ಕಡಿದುಹೋದದ್ದನ್ನು ನಮ್ಮ ಸದಸ್ಯರು ಮರೆತಿರಲಾರರು. ಸರಕು ಸಾಗಣೆಗೆ ಆದ ತೊಂದರೆಯೇ ಪರೀಕ್ಷೆ ಬರೆಯುವ ಮಕ್ಕಳಿಗೂ ಒದಗುತ್ತದೆ.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕೊಡಗು ಚಿಕ್ಕ ಜಿಲ್ಲೆ. ಕಾಲೇಜುಗಳ ಸಂಖ್ಯೆ ಸೀಮಿತ. ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಬರುತ್ತವೆ. ಕುಲಪತಿ, ಕುಲಸಚಿವರು, ಹಣಕಾಸು ಅಧಿಕಾರಿ, ಪರೀಕ್ಷಾ ವಿಭಾಗ ಇವುಗಳ ಖರ್ಚು ಮಾತ್ರ ಸಂಖ್ಯೆಯನ್ನು ನೋಡಿ ಕಡಿಮೆಯಾಗುವುದಿಲ್ಲ. ಸ್ಥಿರ ವೆಚ್ಚ ಹೆಚ್ಚು, ವಹಿವಾಟು ಕಡಿಮೆ ಎಂಬ ಈ ಸಮಸ್ಯೆ ಯಾವ ಸಣ್ಣ ಕೈಗಾರಿಕೆಯವರಿಗೂ ವಿವರಿಸಬೇಕಾದದ್ದಲ್ಲ. ಕಾನೂನು ಹೆಸರನ್ನು ಮತ್ತು ವ್ಯಾಪ್ತಿಯನ್ನು ಕೊಡಬಲ್ಲದು. ನಿರಂತರ ಅನುದಾನದ ಭರವಸೆಯಿಲ್ಲದಿದ್ದರೆ ಅದು ದುಡಿಯುವ ಬಂಡವಾಳವಿಲ್ಲದೆ ತೆರೆದ ಅಂಗಡಿಯಂತಾಗುತ್ತದೆ.

ಕುರ್ಚಿಯ ಪ್ರಶ್ನೆ, ಹಣದ ಪ್ರಶ್ನೆ

ಇದೇ ಅವಧಿಯಲ್ಲಿ ಆಡಳಿತದ ಇನ್ನೊಂದು ಪ್ರಶ್ನೆಯೂ ಚರ್ಚೆಗೆ ಬಂದಿತು. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಗಳು ಕುಲಾಧಿಪತಿಗಳಾಗಬೇಕೆಂಬ ವಿಧೇಯಕವನ್ನು 2024ರ ಡಿಸೆಂಬರ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿತು. ಮರುತಿಂಗಳು, 2025ರ ಜನವರಿಯಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಕಟಿಸಿದ ಕರಡು ನಿಯಮಗಳು ಇದಕ್ಕೆ ವಿರುದ್ಧ ದಿಕ್ಕಿನವಾಗಿದ್ದವು: ಕುಲಪತಿ ಆಯ್ಕೆಯಲ್ಲಿ ಕುಲಾಧಿಪತಿಗಳ ಅಧಿಕಾರ ಹೆಚ್ಚುವಂತೆ ಅದನ್ನು ರೂಪಿಸಲಾಗಿತ್ತು. ಕೈಗಾರಿಕೆ ಮತ್ತು ಸಾರ್ವಜನಿಕ ಆಡಳಿತದ ಹಿರಿಯ ಅನುಭವಿಗಳೂ ಕುಲಪತಿಯಾಗಬಹುದೆಂಬ ಪ್ರಸ್ತಾಪವೂ ಅದರಲ್ಲಿತ್ತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಆ ಕರಡನ್ನು ವಿರೋಧಿಸಿದವು.

ಕುರ್ಚಿಯಲ್ಲಿ ಯಾರು ಕೂರಬೇಕೆಂಬುದು ಮಹತ್ವದ ಪ್ರಶ್ನೆಯೇ. ಆದರೆ ಚಿಕ್ಕ ಅಳುವಾರದಲ್ಲಿ ಓದುವ ವಿದ್ಯಾರ್ಥಿಗೂ, ಅಲ್ಲಿಗೆ ಪೀಠೋಪಕರಣ ಒದಗಿಸುವ ತಯಾರಕನಿಗೂ ಅದಕ್ಕಿಂತ ಹತ್ತಿರದ ಪ್ರಶ್ನೆ, ಹಣ ಎಲ್ಲಿಂದ ಬರುತ್ತದೆ ಮತ್ತು ಬಾಕಿಗೆ ಹೊಣೆ ಯಾರು ಎಂಬುದು. ಇದಕ್ಕೆ ಉತ್ತರವಿರುವುದು ತಿದ್ದುಪಡಿಯ ಕೊನೆಯಲ್ಲಿ ಬರುವ ವರ್ಗಾವಣೆ ಮತ್ತು ಉಳಿಕೆಯ ಉಪಬಂಧಗಳಲ್ಲಿ. ಸಾಮಾನ್ಯವಾಗಿ ಯಾರೂ ಓದದ ಭಾಗ ಅದು.

ವಿಲೀನವಾದರೆ ಕೇಳಬೇಕಾದ ಪ್ರಶ್ನೆಗಳು

ವಿಲೀನವೆಂದರೇನೆಂಬುದು ನಮ್ಮವರಿಗೆ ಬ್ಯಾಂಕುಗಳ ಮೂಲಕ ಪರಿಚಿತ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಫಲಕ ಬದಲಾಯಿತು, ಐ.ಎಫ್.ಎಸ್.ಸಿ. ಸಂಖ್ಯೆ ಬದಲಾಯಿತು, ಆದರೆ ಠೇವಣಿ, ಸಾಲ, ಜಾಮೀನು ಯಾವುದೂ ಕಳೆದುಹೋಗಲಿಲ್ಲ. ವಿಲೀನದ ಯೋಜನೆಯಲ್ಲಿಯೇ ದಿನಾಂಕ, ಆಸ್ತಿ, ಹೊಣೆ ಎಲ್ಲವನ್ನೂ ಮೊದಲೇ ಬರೆದಿಟ್ಟಿದ್ದರು. ವಿಶ್ವವಿದ್ಯಾಲಯದ ವಿಲೀನಕ್ಕೂ ಅದೇ ಸ್ಪಷ್ಟತೆಯನ್ನು ನಾವು ಕೇಳಬೇಕು.

ಮೊದಲನೆಯದಾಗಿ, ದಿನಾಂಕ. ಶೈಕ್ಷಣಿಕ ವರ್ಷದ ನಡುವೆ ಬದಲಾವಣೆ ಜಾರಿಗೆ ಬರಬಾರದು. ಈಗಾಗಲೇ ಪ್ರವೇಶ ಪಡೆದವರ ಪಠ್ಯಕ್ರಮ, ಪರೀಕ್ಷೆ ಮತ್ತು ಪದವಿಪ್ರದಾನ ಯಾವ ಹೆಸರಿನಲ್ಲಿ ಎಂಬುದು ಕಾಯಿದೆಯಲ್ಲಿಯೇ ಸ್ಪಷ್ಟವಿರಬೇಕು. ಕೊಡಗು ವಿಶ್ವವಿದ್ಯಾಲಯದ ಹೆಸರಿನಲ್ಲಿ ಪದವಿ ಪಡೆದವರ ಪ್ರಮಾಣಪತ್ರವನ್ನು ಮುಂದೆ ಯಾರು ದೃಢೀಕರಿಸುತ್ತಾರೆ ಎಂಬುದಕ್ಕೂ ಉತ್ತರವಿರಬೇಕು. ನೌಕರಿ ಕೊಡುವ ನಮಗೆ ಇದು ನೇರವಾಗಿ ಸಂಬಂಧಿಸಿದೆ.

ಎರಡನೆಯದಾಗಿ, ಆಸ್ತಿ. ಜಮೀನು, ಕಟ್ಟಡ, ಗ್ರಂಥಾಲಯ, ಪ್ರಯೋಗಾಲಯ ಮತ್ತು ದತ್ತಿ ನಿಧಿಗಳು ಯಾರ ಹೆಸರಿಗೆ ಹೋಗುತ್ತವೆ? ಈ ಜಿಲ್ಲೆಯ ಸಲುವಾಗಿ ಕೊಟ್ಟ ದತ್ತಿಯ ಬಡ್ಡಿ ಈ ಜಿಲ್ಲೆಯ ವಿದ್ಯಾರ್ಥಿಗಳಿಗೇ ಸಲ್ಲಬೇಕೆಂಬ ಷರತ್ತನ್ನು ಉಳಿಸಿಕೊಳ್ಳಬೇಕು.

ಮೂರನೆಯದಾಗಿ, ಹೊಣೆ. ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳು ನಿವೃತ್ತಿ ವೇತನದ ಭಾರದಿಂದ ಬಳಲುತ್ತಿವೆ. ಅಂಥ ಸಂಸ್ಥೆಯೊಂದಿಗೆ ಮರಳಿ ಸೇರುವಾಗ ಸಿಬ್ಬಂದಿಯ ವೇತನ ಬಾಕಿ ಮತ್ತು ಪೂರೈಕೆದಾರರ ಬಿಲ್ಲುಗಳು ಯಾರ ಪುಸ್ತಕಕ್ಕೆ ಹೋಗುತ್ತವೆಂಬುದು ಬರಹದಲ್ಲಿರಬೇಕು.

ನಾಲ್ಕನೆಯದಾಗಿ, ಸೇವೆ. ವಿಶ್ವವಿದ್ಯಾಲಯ ಉಳಿಯಲಿ, ಉಳಿಯದಿರಲಿ, ಅಂಕಪಟ್ಟಿ, ವಲಸೆ ಪ್ರಮಾಣಪತ್ರ, ಮರುಮೌಲ್ಯಮಾಪನ ಇವುಗಳಿಗೆ ಅಧಿಕಾರವುಳ್ಳ ಕಚೇರಿ ಚಿಕ್ಕ ಅಳುವಾರದಲ್ಲಿ ಇರಲೇಬೇಕು. ಹೆಸರಿಗಷ್ಟೇ ಇರುವ ಶಾಖೆ ಸಾಲದು. ಸಹಿ ಹಾಕುವ ಅಧಿಕಾರಿ ಅಲ್ಲಿರಬೇಕು.

ಸದಸ್ಯರು ಈಗಲೇ ಮಾಡಬಹುದಾದದ್ದು

ವಿಶ್ವವಿದ್ಯಾಲಯಕ್ಕೆ ಸರಕು ಅಥವಾ ಸೇವೆ ಒದಗಿಸುವ ಸದಸ್ಯರು ಖರೀದಿ ಆದೇಶ, ಡೆಲಿವರಿ ಚಲನ್ ಮತ್ತು ಬಿಲ್ಲಿನ ಪ್ರತಿಗಳನ್ನು ಒಂದೆಡೆ ಜೋಡಿಸಿಟ್ಟು, ವರ್ಷಾಂತ್ಯದಲ್ಲಿ ಬಾಕಿ ಮೊತ್ತಕ್ಕೆ ಲಿಖಿತ ದೃಢೀಕರಣ ಪಡೆಯುವುದು ಕ್ಷೇಮ. ಬಾಕಿ ವಸೂಲಿಗೆ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ; ಆ ಅವಧಿಯೊಳಗೆ ಸಹಿಯೊಂದಿಗೆ ಬಾಕಿಯನ್ನು ಒಪ್ಪಿಕೊಂಡ ಪತ್ರ ಸಿಕ್ಕಿದರೆ ಅಂದಿನಿಂದ ಹೊಸ ಅವಧಿ ಆರಂಭವಾಗುತ್ತದೆ. ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ರಕ್ಷಣೆಯೂ ಇದೆ: ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಪಾವತಿ ತಡವಾಗುವಂತಿಲ್ಲ, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯಿದ್ದರೂ ಈ ಸೌಲಭ್ಯ ಅನ್ವಯಿಸುವುದಿಲ್ಲವೆಂಬುದನ್ನು ಗಮನದಲ್ಲಿಡಬೇಕು.

ಕಾಲೇಜುಗಳ ಆಡಳಿತ ಮಂಡಳಿಯಲ್ಲಿರುವ ಸದಸ್ಯರಿಗೆ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ನಡೆದ ಜಿ.ಎಸ್.ಟಿ. ಮಂಡಳಿಯ 54ನೆಯ ಸಭೆಯ ನಂತರ, ವಿಶ್ವವಿದ್ಯಾಲಯಗಳು ಕಾಲೇಜುಗಳಿಂದ ಪಡೆಯುವ ಸಂಯೋಜನಾ ಶುಲ್ಕಕ್ಕೆ ಶೇಕಡಾ 18ರ ತೆರಿಗೆ ಅನ್ವಯವೆಂದು ಸ್ಪಷ್ಟಪಡಿಸಲಾಯಿತು. ಸಂಯೋಜನೆ ಕೊಣಾಜೆಗೆ ಬದಲಾದಲ್ಲಿ ಶುಲ್ಕವನ್ನು ಎರಡು ಕಡೆ ಕಟ್ಟಬೇಕಾದ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಅಗತ್ಯ.

ಕೊಡಗಿಗೆ ವಿಧಾನಸಭೆಯಲ್ಲಿರುವುದು ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡೇ ಸ್ಥಾನಗಳು. ಒಟ್ಟು 224ರಲ್ಲಿ ಎರಡು. ಸಂಖ್ಯಾಬಲವಿಲ್ಲದವರಿಗೆ ಸಿದ್ಧತೆಯೇ ಬಲ. ಮೇಲಿನ ನಾಲ್ಕು ಅಂಶಗಳನ್ನು ಒಂದು ಮನವಿಯ ರೂಪದಲ್ಲಿ ಬರೆದು ಇಬ್ಬರು ಶಾಸಕರಿಗೂ, ಉನ್ನತ ಶಿಕ್ಷಣ ಇಲಾಖೆಗೂ ವಾಣಿಜ್ಯ ಸಂಘದ ಪರವಾಗಿ ಸಲ್ಲಿಸುವುದು ಸೂಕ್ತ. ವಿಶ್ವವಿದ್ಯಾಲಯ ಮುಂದುವರಿಯುವುದಾದರೆ ಅದೇ ಪತ್ರದಲ್ಲಿ ಅನುದಾನದ ಖಾತರಿಯನ್ನೂ, ಸಿಂಡಿಕೇಟಿನ ನಾಮನಿರ್ದೇಶನದಲ್ಲಿ ಜಿಲ್ಲೆಯ ಉದ್ಯಮ ವಲಯದವರ ಪರಿಗಣನೆಯನ್ನೂ ಕೇಳಬಹುದು. ಕಾಫಿಯ ಗುಣಮಟ್ಟ ಪರೀಕ್ಷೆ, ಜೇನು ಮತ್ತು ಸಾಂಬಾರ ಪದಾರ್ಥಗಳ ಸಂಸ್ಕರಣೆ, ಪ್ರವಾಸೋದ್ಯಮದ ಲೆಕ್ಕಪತ್ರ ಇಂಥ ವಿಷಯಗಳಲ್ಲಿ ಪಠ್ಯಕ್ರಮ ರೂಪಿಸಲು ನಮ್ಮಿಂದ ಸಿಗಬಹುದಾದ ನೆರವು ಕಡಿಮೆಯೇನಲ್ಲ.

ವಿಶ್ವವಿದ್ಯಾಲಯ ಬೇಕೋ ಬೇಡವೋ ಎಂಬ ವಿಷಯದಲ್ಲಿ ಸದಸ್ಯರ ಅಭಿಪ್ರಾಯಗಳು ಭಿನ್ನವಾಗಿರಬಹುದು. ಆದರೆ ಆಸ್ತಿ, ಹೊಣೆ, ದಿನಾಂಕ ಮತ್ತು ಸೇವೆಗಳನ್ನು ಬರೆದಿಡದ ಯಾವ ವಿಭಜನೆಯೂ, ಯಾವ ವಿಲೀನವೂ ಕೊನೆಗೆ ಜಗಳದಲ್ಲಿಯೇ ಮುಗಿಯುತ್ತದೆಂಬುದು ಪಾಲುದಾರಿಕೆಯ ವ್ಯವಹಾರ ನಡೆಸಿದವರಿಗೆಲ್ಲ ತಿಳಿದ ಸಂಗತಿ. ಇಲ್ಲಿ ಪಾಲುದಾರರು ನಮ್ಮ ಮಕ್ಕಳು. ಅವರ ಪರವಾಗಿ ಕರಾರುಪತ್ರವನ್ನು ಓದಿ ನೋಡಬೇಕಾದ ಜವಾಬ್ದಾರಿ ನಮ್ಮದು.