ಒಂದು ಹಾಳೆಯ ಗಣಿತ: ಎ4 ಕಾಗದದಲ್ಲಿ ಅಡಗಿರುವ ಉಳಿತಾಯ

ಬಿಲ್ ಪುಸ್ತಕ, ಲೆಟರ್‌ಹೆಡ್, ದರಪಟ್ಟಿ, ಡೆಲಿವರಿ ಚಲನ್ ಇವುಗಳಿಲ್ಲದ ವ್ಯಾಪಾರ ಸಂಸ್ಥೆ ಅಪರೂಪ. ಗಣಕಯಂತ್ರ ಬಂದ ಮೇಲೂ ಕಾಗದದ ಖರ್ಚು ಪೂರ್ತಿಯಾಗಿ ನಿಂತಿಲ್ಲ. ಹೀಗಿದ್ದರೂ ದಿನನಿತ್ಯ ಕೈಯಲ್ಲಿ ಹಿಡಿಯುವ ಎ4 ಹಾಳೆಯ ಅಳತೆ 210 × 297 ಮಿಲಿಮೀಟರ್ ಏಕೆ, ನೆನಪಿಡಲು ಸುಲಭವಾದ 200 × 300 ಏಕಲ್ಲ ಎಂದು ವಿಚಾರಿಸಿದವರು ವಿರಳ. ಈ ಪ್ರಶ್ನೆಗೆ ಇರುವ ಉತ್ತರ ಗಣಿತದ ಕುತೂಹಲಕ್ಕೆ ಸೀಮಿತವಾದುದಲ್ಲ. ಮುದ್ರಣದ ಬಿಲ್ಲಿಗೂ ಅದಕ್ಕೂ ನೇರ ಸಂಬಂಧವಿದೆ.

ಅರ್ಧ ಮಾಡಿದರೂ ಬದಲಾಗದ ಆಕಾರ

200 × 300 ಅಳತೆಯ ಹಾಳೆಯಲ್ಲಿ ಉದ್ದವು ಅಗಲದ 1.5 ಪಟ್ಟು. ಅದನ್ನು ಅಡ್ಡಲಾಗಿ ಅರ್ಧಕ್ಕೆ ಕತ್ತರಿಸಿದರೆ ದೊರೆಯುವುದು 150 × 200, ಪ್ರಮಾಣ 1.33ಕ್ಕೆ ಇಳಿಯುತ್ತದೆ. ದೊಡ್ಡ ಹಾಳೆಗೆಂದು ರಚಿಸಿದ ವಿನ್ಯಾಸವನ್ನು ಚಿಕ್ಕ ಹಾಳೆಗೆ ಕುಗ್ಗಿಸಿದಾಗ ಒಂದು ದಿಕ್ಕಿನಲ್ಲಿ ಜಾಗ ಖಾಲಿ ಉಳಿಯುತ್ತದೆ. ಹಾಗಾದರೆ ಅರ್ಧ ಮಾಡಿದರೂ ಅದೇ ಆಕಾರ ಉಳಿಸಿಕೊಳ್ಳುವ ಹಾಳೆ ಯಾವುದು?

ಅಗಲ 1 ಎಂದೂ ಉದ್ದ 'ಉ' ಎಂದೂ ಇಟ್ಟುಕೊಳ್ಳೋಣ. ಅರ್ಧ ಮಾಡಿದಾಗ ಹೊಸ ಉದ್ದ 1, ಹೊಸ ಅಗಲ ಉ/2. ಎರಡೂ ಪ್ರಮಾಣಗಳು ಸಮನಾಗಬೇಕಾದರೆ ಉ × ಉ = 2 ಆಗಲೇಬೇಕು. ಅಂದರೆ ಉದ್ದವು ಅಗಲದ √2 ಪಟ್ಟು, ಸುಮಾರು 1.4142 ಪಟ್ಟು ಇರಬೇಕು. 297ನ್ನು 210ರಿಂದ ಭಾಗಿಸಿ ನೋಡಿದರೆ 1.414 ಬರುತ್ತದೆ. ಈ ಗುಣವುಳ್ಳ ಪ್ರಮಾಣ ಇದೊಂದೇ. ಎ3 ಹಾಳೆಯನ್ನು ಎ4ಕ್ಕೆ ಇಳಿಸಲು ಜೆರಾಕ್ಸ್ ಯಂತ್ರದಲ್ಲಿ 71 ಶೇಕಡಾ, ಏರಿಸಲು 141 ಶೇಕಡಾ ಎಂದು ಕಾಣುವುದರ ಮೂಲವೂ ಇದೇ. ಎಂಜಿನಿಯರಿಂಗ್ ನಕ್ಷೆಗಳಿಗೆ ಬಳಸುವ ಲೇಖನಿಗಳ ಗೆರೆ ದಪ್ಪ 0.35, 0.5, 0.7 ಮಿ.ಮೀ. ಎಂದು ಏರುವುದೂ ಇದೇ ಪ್ರಮಾಣದಲ್ಲಿ.

√2 ನಮ್ಮ ದೇಶಕ್ಕೆ ಹೊಸದಲ್ಲ. ಯಜ್ಞವೇದಿಕೆಯ ವಿಸ್ತೀರ್ಣವನ್ನು ಇಮ್ಮಡಿಗೊಳಿಸುವ ಸಂದರ್ಭದಲ್ಲಿ ಬೌಧಾಯನ ಶುಲ್ಬಸೂತ್ರವು 'ದ್ವಿಕರಣಿ' ಎಂದು ಇದರ ಬೆಲೆಯನ್ನು ನೀಡಿದೆ. ಅದು 577/408ಕ್ಕೆ ಸಮ, ಐದು ದಶಮಾಂಶ ಸ್ಥಾನಗಳವರೆಗೆ ಸರಿಯಾಗಿದೆ.

ಜರ್ಮನಿಯಿಂದ ಜಗತ್ತಿಗೆ

ಈ ಪ್ರಮಾಣವನ್ನು ಕಾಗದಕ್ಕೆ ಅನ್ವಯಿಸಿ ಬರೆದವರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲಿಖ್ಟೆನ್‌ಬರ್ಗ್ ಮೊದಲಿಗರು. ತಾವು ಬೀಜಗಣಿತ ಕಲಿಸುತ್ತಿದ್ದ ಆಂಗ್ಲ ವಿದ್ಯಾರ್ಥಿಗೆ ಇದೇ ಲೆಕ್ಕ ಕೊಟ್ಟಿದ್ದಾಗಿಯೂ, ಉತ್ತರ ಬಂದ ಮೇಲೆ ನೋಡಿದರೆ ತಮ್ಮ ಬಳಿಯಿದ್ದ ಸಾಮಾನ್ಯ ಬರವಣಿಗೆಯ ಹಾಳೆಯಲ್ಲೇ ಆ ಪ್ರಮಾಣವಿತ್ತೆಂದೂ 1786ರಲ್ಲಿ ಮಿತ್ರರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. 1922ರಲ್ಲಿ ವಾಲ್ಟರ್ ಪೋರ್ಸ್ಟ್‌ಮನ್ ಅವರ ಪ್ರಯತ್ನದಿಂದ ಜರ್ಮನಿಯು ಇದನ್ನು ಡಿ.ಐ.ಎನ್. 476 ಎಂಬ ಮಾನಕವಾಗಿ ಅಂಗೀಕರಿಸಿತು. 1975ರಲ್ಲಿ ಅದೇ ಐ.ಎಸ್.ಒ. 216 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಭಾರತದ ಐ.ಎಸ್. 1064 ಮಾನಕವೂ ಇದೇ ಶ್ರೇಣಿಯನ್ನು ಅನುಸರಿಸುತ್ತದೆ.

ತಕ್ಕಡಿಯಲ್ಲಿ ಜಿ.ಎಸ್.ಎಂ.

ಪೋರ್ಸ್ಟ್‌ಮನ್ ಅವರ ವ್ಯವಸ್ಥೆಯಲ್ಲಿ ಎ0 ಹಾಳೆಯ (841 × 1189 ಮಿ.ಮೀ.) ವಿಸ್ತೀರ್ಣ ಒಂದು ಚದರ ಮೀಟರ್. ಪ್ರತಿ ಹಂತದಲ್ಲೂ ಅರ್ಧವಾಗುತ್ತ ಬಂದು ಎ4 ಅದರ ಹದಿನಾರನೆಯ ಒಂದು ಭಾಗವಾಗುತ್ತದೆ. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ. ಆದ್ದರಿಂದ ಹದಿನಾರು ಎ4 ಹಾಳೆಗಳನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟರೆ ಬರುವ ಗ್ರಾಂ ಸಂಖ್ಯೆಯೇ ಹೆಚ್ಚುಕಡಿಮೆ ಆ ಕಾಗದದ ಜಿ.ಎಸ್.ಎಂ. ಬೇರೆ ಲೆಕ್ಕವೇ ಬೇಡ.

ಸಣ್ಣ ತಕ್ಕಡಿ ಇಲ್ಲದವರು ಇಡೀ ರೀಮನ್ನೇ ತೂಗಬಹುದು. ಹೊದಿಕೆ ಬಿಟ್ಟು 500 ಎ4 ಹಾಳೆಗಳು 75 ಜಿ.ಎಸ್.ಎಂ. ಆಗಿದ್ದರೆ ಸುಮಾರು 2.34 ಕಿ.ಗ್ರಾಂ., 70 ಆಗಿದ್ದರೆ ಸುಮಾರು 2.18 ಕಿ.ಗ್ರಾಂ. ತೂಗುತ್ತವೆ. ತೇವಾಂಶದಿಂದಲೂ ತಯಾರಿಕೆಯ ಮಿತಿಯಿಂದಲೂ ಅಲ್ಪ ವ್ಯತ್ಯಾಸ ಸಹಜ. ಆದರೆ 75ರ ದರ ತೆತ್ತು ತರಿಸಿದ ಸರಕಿನಲ್ಲಿ ರೀಮಿನಿಂದ ರೀಮಿಗೆ 70ರ ತೂಕವೇ ಬರುತ್ತಿದ್ದರೆ ಸರಬರಾಜುದಾರರನ್ನು ಪ್ರಶ್ನಿಸುವುದು ನ್ಯಾಯ.

ಹತ್ತು ಮಿಲಿಮೀಟರ್ ಕೊರತೆಯ ಬೆಲೆ

ನಮ್ಮ ಮುದ್ರಣ ಮಾರುಕಟ್ಟೆಯಲ್ಲಿ ಅಂಗುಲದ ಹಾಳೆಗಳು ಇಂದಿಗೂ ಚಲಾವಣೆಯಲ್ಲಿವೆ. ಕನ್ನಡ ಪುಸ್ತಕಗಳ ಒಳಪುಟದಲ್ಲಿ ಕಾಣುವ 'ಡೆಮಿ 1/8' ಎಂಬುದು 18 × 23 ಅಂಗುಲದ ಹಾಳೆಯ ಎಂಟನೆಯ ಭಾಗ. ಹೀಗೆ ದೊರೆಯುವ ಪುಟದ ಅಗಲ 146 ಮಿ.ಮೀ.; ಎ5 ಪುಟಕ್ಕೆ 148 ಬೇಕು. ಕೇವಲ ಎರಡು ಮಿಲಿಮೀಟರಿನಿಂದ ಲೆಕ್ಕ ತಪ್ಪುತ್ತದೆ.

ಎ4 ವಿಷಯದಲ್ಲಿ ಈ ನಷ್ಟ ಇನ್ನೂ ಸ್ಪಷ್ಟ. 23 × 36 ಅಂಗುಲದ ಹಾಳೆ 584 × 914 ಮಿ.ಮೀ. ಅದರಲ್ಲಿ ಎಂಟು ಎ4 ಬರಬೇಕಾದರೆ 594 ಮಿ.ಮೀ. ಅಗಲ ಬೇಕು. ಹತ್ತು ಮಿ.ಮೀ. ಕೊರತೆಯಿಂದಾಗಿ ಹೇಗೆ ಜೋಡಿಸಿದರೂ ಏಳಕ್ಕಿಂತ ಹೆಚ್ಚು ಬಾರದು, ಹಾಳೆಯ ಶೇ. 18ರಷ್ಟು ರದ್ದಿ. 25 × 36 ಅಂಗುಲದ ಹಾಳೆಯಲ್ಲಾದರೋ (635 × 914 ಮಿ.ಮೀ.) ಒಂಬತ್ತು ಎ4 ಬರುತ್ತವೆ, ರದ್ದಿ ಶೇ. 3ರ ಆಸುಪಾಸು.

10,000 ಲೆಟರ್‌ಹೆಡ್‌ಗಳನ್ನು 70 ಜಿ.ಎಸ್.ಎಂ. ಕಾಗದದಲ್ಲಿ ಮಾಡಿಸುವುದಾದರೆ ಮೊದಲ ಅಳತೆಯಲ್ಲಿ 1,429 ಹಾಳೆ, ತೂಕದಲ್ಲಿ ಸುಮಾರು 53.4 ಕಿ.ಗ್ರಾಂ. ಬೇಕು. ಎರಡನೆಯದರಲ್ಲಿ 1,112 ಹಾಳೆ, ಸುಮಾರು 45.2 ಕಿ.ಗ್ರಾಂ. ಸಾಕು. ಕಿಲೋ ದರ ಒಂದೇ ಆಗಿದ್ದಲ್ಲಿ ಕಾಗದದ ವೆಚ್ಚದಲ್ಲಿ ಶೇ. 15ರಷ್ಟು ಉಳಿತಾಯ. ಇದು ಮೊದಲು ಕತ್ತರಿಸಿ ನಂತರ ಮುದ್ರಿಸುವ ಕೆಲಸಕ್ಕೆ ಮಾತ್ರ ಅನ್ವಯಿಸುವ ಲೆಕ್ಕ ಎಂಬುದನ್ನು ಮರೆಯಬಾರದು. ಅಗಲದಲ್ಲಿ ಉಳಿಯುವುದು ಐದೇ ಮಿ.ಮೀ. ಆದ್ದರಿಂದ ಪೂರ್ಣ ಹಾಳೆಯನ್ನೇ ಮುದ್ರಿಸಿ ಅಂಚು ಕತ್ತರಿಸುವ ಕೆಲಸಕ್ಕೆ ಯಂತ್ರದ ಹಿಡಿತಕ್ಕೂ ಜಾಗ ಸೇರಿಸಿ ಬೇರೆ ಅಳತೆ ಆರಿಸಬೇಕಾಗುತ್ತದೆ.

ರಫ್ತುದಾರರ ಗಮನಕ್ಕೆ

ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಬಳಕೆಯಲ್ಲಿರುವುದು 8½ × 11 ಅಂಗುಲದ 'ಲೆಟರ್' ಹಾಳೆ, ಅಂದರೆ 216 × 279 ಮಿ.ಮೀ. ಅದು ಎ4ಗಿಂತ 6 ಮಿ.ಮೀ. ಅಗಲ ಹೆಚ್ಚು, 18 ಮಿ.ಮೀ. ಉದ್ದ ಕಡಿಮೆ. ಆ ದೇಶಗಳ ಗ್ರಾಹಕರಿಗೆ ಕಳುಹಿಸುವ ಇನ್‌ವಾಯ್ಸ್ ಅಥವಾ ಪ್ಯಾಕಿಂಗ್ ಪಟ್ಟಿಯ ಕೆಳತುದಿಯಲ್ಲಿ ಮೊತ್ತ, ಬ್ಯಾಂಕ್ ಖಾತೆಯ ವಿವರ ಇದ್ದರೆ ಅಲ್ಲಿ ಮುದ್ರಿಸುವಾಗ ಅವು ಕತ್ತರಿಸಿಹೋಗುವ ಸಂಭವವಿದೆ. ಮುಖ್ಯ ವಿವರಗಳನ್ನು 210 × 279 ಮಿ.ಮೀ. ಚೌಕಟ್ಟಿನೊಳಗೆ, ಸುತ್ತ ಸಾಕಷ್ಟು ಅಂಚು ಬಿಟ್ಟು ಇರಿಸುವುದು ಕ್ಷೇಮ.

ಕಾಗದದ ದರವನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ರದ್ದಿಯ ಪ್ರಮಾಣ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಮುಂದಿನ ಬಾರಿ ಬಿಲ್ ಪುಸ್ತಕಕ್ಕೆ ಆರ್ಡರ್ ಕೊಡುವಾಗ ಒಟ್ಟು ದರದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿರಿ: ಯಾವ ಅಳತೆಯ ಹಾಳೆಯಿಂದ ಕತ್ತರಿಸುತ್ತೀರಿ? ಒಂದು ಹಾಳೆಗೆ ಎಷ್ಟು ಬರುತ್ತದೆ? ಉತ್ತರ ಏಳು ಎಂದು ಬಂದರೆ, ಒಂಬತ್ತು ಬರುವ ಹಾಳೆಯ ದರವನ್ನೂ ಬರೆದುಕೊಡುವಂತೆ ಹೇಳಿರಿ.