ತಾಳಮಲೆಯಲ್ಲಿ ಒಂದು ದಿನದ ನಡಿಗೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಸರಕು ಸಾಗಿಸುವ ವರ್ತಕರಿಗೆ ದಿಂಬಂ ಘಟ್ಟದ 27 ತಿರುವುಗಳು ಚಿರಪರಿಚಿತ. ಘಟ್ಟದ ಮೇಲಿನ ತಾಳಮಲೆಯನ್ನು ನಡೆದು ಕಂಡವರು ಮಾತ್ರ ವಿರಳ. ಈರೋಡ್ ಜಿಲ್ಲೆಗೆ ಸೇರಿದ್ದರೂ ತಾಳವಾಡಿ ಸೀಮೆಯಲ್ಲಿ ಮನೆಮಾತು ಹೆಚ್ಚಾಗಿ ಕನ್ನಡವೇ. 2013ರಿಂದ ಇಲ್ಲಿನ ಕಾಡು ಸತ್ಯಮಂಗಲ ಹುಲಿ ಮೀಸಲು ಪ್ರದೇಶ. ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ನಾವು ಅಪ್ಪಣೆ ಪಡೆದು, ಅರಣ್ಯ ಕಾವಲುಗಾರರೊಡನೆ ಬೆಳಗಿನಿಂದ ಸಂಜೆಯವರೆಗೆ ನಡೆದೆವು.

ಎದೆಯೆತ್ತರದ ಹುಲ್ಲು, ಕುರುಚಲು ಗಿಡ, ಅಲ್ಲಲ್ಲಿ ಈಚಲು. ದಾರಿಯಲ್ಲಿ ಬಿದ್ದ ಆನೆಯ ಲದ್ದಿಯಲ್ಲೂ ಇರುವೆಗಳ ಸಾಲು! ನಾಲ್ಕು ಮೊಳ ಮುಂದಿನ ನೆಲವನ್ನು ಹಗಲ ಬೆಳಕಿನಲ್ಲಿ ನೋಡಿ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿ ಎಷ್ಟು ಕಠಿಣವೆಂದು ಕಾಲುಗಳೇ ಹೇಳಿದವು.

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಲ್ಲಿ ಈ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂತು. ಸರಕಿನ ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದೇ ಕಾರಣ. ಸರಕು ಒಂದು ರಾತ್ರಿ ನಿಂತರೆ ವರ್ತಕನಿಗೆ ನಷ್ಟ, ನಿಜ. ಆದರೆ ಕತ್ತಲಲ್ಲಿ ಕಾಣದ ಜೀವಕ್ಕೆ ಹಿಂಸೆಯಾಗದಿರಲೆಂದೇ ಅಲ್ಲವೇ ನಮ್ಮ ಹಿರಿಯರು ರಾತ್ರಿಭೋಜನ ಬಿಟ್ಟದ್ದು? ತಟ್ಟೆಗೆ ಒಪ್ಪಿದ ನಿಯಮ ಲಾರಿಯ ಗಾಲಿಗೂ ಒಪ್ಪಬೇಕು.

ಮಲೆಯೂರಿನ ಕನಕಗಿರಿಯ ದರ್ಶನಕ್ಕೆ ಹೋಗುವ ಕುಟುಂಬಗಳು ಈ ಕಡೆ ಬಂದರೆ ಹಗಲಿನಲ್ಲೇ ಘಟ್ಟ ದಾಟಿರಿ. ಲಾರಿಗೆ ಸರಕು ತುಂಬಿಸುವವರು ಮಧ್ಯಾಹ್ನದೊಳಗೆ ತುಂಬಿಸಿ ಕಳಿಸಿರಿ. ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ಲಾಭ ಇದು.